ಮಿಶ್ರಿಕೋಟಿಗೆ ಹೋದ ಕಮಾನು

ಶನಿವಾರ ಮುಂಜಾನೆ ಒಂಬತ್ತಕ್ಕೆ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಿಂದ ನಮ್ಮ ಸವಾರಿ ಹೊರಟಿತು. ನಾವು ಅಂದರೆ ನಾನು, ನನ್ನ ಗುರುಗಳಾದ ವಾಯಲಿನ್ ರುದ್ರಪ್ಪ ಮಾಸ್ತರು ಮತ್ತು ಅವರ ತೊಡೆಯ ಮೇಲೆ ಕೂತ ಕರೀ ಪೆಟ್ಟಿಗೆ. ಕಂಡಕ್ಟರ ಪೆಟ್ಟಿಗೆಗೂ ಅರ್ಧ ಟಿಕೀಟು ಹರಿಯಲು ನೋಡಿದ. "ಅದು ನನಗಿಂತ ಹಿರೇದೈತಿ, ಪೂರಾ ಹರೀಪಾ," ಎಂದೆ, ಅವನದೇ ಮೂಗಿನ ದನಿಯಲ್ಲಿ. ಬಸ್ಸೆಲ್ಲ ನಕ್ಕಿತು. ಮಾಸ್ತರು ನಗಲಿಲ್ಲ.

ಪುಣೆ, ಕಲ್ಕತ್ತೆಯ ಮಂದಿಯನ್ನು ಎಬ್ಬಿಸಿ ನಿಲ್ಲಿಸಿದ ಕೈ ಅವರದು. ಅವರ ಕ್ಯಾಸೆಟ್ಟುಗಳು ಹುಬ್ಬಳ್ಳಿ ಪೇಟೆಯಲ್ಲಿ ಮಾರುತ್ತಿದ್ದವು. ಆದರೆ ಯುಗಾದಿಯಿಂದೀಚೆಗೆ ಬಂದ ಕರೆಗಳಿಗೆಲ್ಲ ನೆಗಡಿ, ಜ್ವರ, ಬೀಗರ ಮದುವೆ ಎಂದು ನನ್ನಿಂದ ಪತ್ರ ಬರೆಸಿ ಕಳಿಸಿದ್ದರು. ಮುಂಬೈಯ ದೊಡ್ಡ ಸಂಗೀತ ಸಮ್ಮೇಳನಕ್ಕೆ ಸೋಮವಾರದೊಳಗೆ ಹೂಂ ಇಲ್ಲವೆ ಊಹೂಂ ಹೇಳಬೇಕಿತ್ತು. ಇಂಥದರಲ್ಲಿ ಮಿಶ್ರಿಕೋಟಿಯಂಥ ಹಳ್ಳಿಯಲ್ಲಿ ನುಡಿಸಲು ಯಾಕೆ ಒಪ್ಪಿದಿರೆಂದು ಕೇಳಿದೆ.

"ಇಲ್ಲಿ ತಪ್ಪಿದ್ರ ಮುಂಬೈತನಕಾ ಕೇಳ್ಸೂದಿಲ್ಲೋ," ಎಂದರು ಕಿಡಕಿಯತ್ತ ನೋಡುತ್ತ. "ಇಲ್ಲಿ ಕೈ ನಿಂತ್ರ ಅಲ್ಲೀನೂ ನಿಂತೀತು."

ಕೈಗೇನಾಗೇದ್ರಿ ಎಂದು ಕೇಳುವ ಧೈರ್ಯವಾಗಲಿಲ್ಲ. ನನ್ನ ಬಾಯಿ ಚೇಷ್ಟೆಗಷ್ಟೇ ದೊಡ್ಡದು.

ಜಿಟಿಜಿಟಿ ಮಳೆ. ಎಡಕ್ಕೆ ಭತ್ತ, ಬಲಕ್ಕೆ ಹತ್ತಿ. ಒಂದು ತಾಸಿನ ದಾರಿಗೆ ಎರಡು ತಾಸು ಹಿಡಿಯಿತು. ನಡುವೆ ಗಾಲಿ ಹುಗಿದಾಗ ಗಂಡಸರೆಲ್ಲ ಇಳಿದು ನೂಕಿದೆವು. ಮಾಸ್ತರು ಮಾತ್ರ ಬಲಗೈಯನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಕೂತೇ ಇದ್ದರು.

ನಮ್ಮನ್ನು ಕರೆಸಿದ್ದ ಶಿವನಗೌಡರ ಮನೆಯಲ್ಲಿ ಬಿಸಿರೊಟ್ಟಿ, ಎಣಗಾಯಿ, ಕೆನೆಮೊಸರು. ನಾಲ್ಕಕ್ಕೆ ಮಠದಲ್ಲಿ ಕಚೇರಿ. ಉಂಡವರೆಲ್ಲ ಪಡಸಾಲೆಯಲ್ಲಿ ಕಾಲು ಚಾಚಿದಾಗ ಗೌಡತಿ, "ಮಂದೀ ನಕಲಿ ಛಲೋ ಮಾಡ್ತಿಯಂತಲ್ಲೋ, ಮಾಡು," ಎಂದರು. ಕಂಡಕ್ಟರನನ್ನು ಮಾಡಿದೆ. ಐದನೇ ರೊಟ್ಟಿಗೆ ಬ್ಯಾಡ ಬ್ಯಾಡ ಅನ್ನುತ್ತಲೇ ತಾಟು ಮುಂದೆ ಸರಿಸುವ ಗೌಡರನ್ನು ಮಾಡಿದೆ. ತಾಳ ತಪ್ಪಿ ತಬಲಾದವನನ್ನು ದುರುಗುಟ್ಟಿ ನೋಡುವ ನನ್ನನ್ನೂ ಮಾಡಿದೆ.

"ಧೈರ್ಯ ಇದ್ರ ನಿಮ್ಮ ಮಾಸ್ತರನ್ನ ಮಾಡಲೇ," ಎಂದರು ಗೌಡರು.

ಒಲೆಯ ಊದುಗೊಳವಿಯನ್ನೇ ವಾಯಲಿನ್ನಿನ ಕಮಾನಾಗಿ ಹಿಡಿದು, ಕಣ್ಣು ಮುಚ್ಚಿ, ಮೂಗಿನಿಂದ ಅವರ ಉದ್ದನೆಯ 'ಸಾ' ಎಳೆದೆ. ಕಮಾನು ತುದಿಗೆ ಬಂದಾಗ ಥೇಟ್ ಅವರಂತೆ ಸಣ್ಣಗೆ ನಡುಗಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ತರು ಎದ್ದು, ಕೈ ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದರು.

"ಕಡೀಕ ಅದೇನ ನಡುಗಿಸಿದ್ಯೋ?"

"ನಿಮ್ಮ ಹೊಸಾ ಗಮಕ ಅಲ್ರಿ? ಯುಗಾದಿಯಿಂದ ಹಚ್ಚಾಕತ್ತೀರಿ. ನಾವು ಐದೂ ಶಿಷ್ಯರು ಕಲ್ತೇವ್ರಿ."

ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "ಅದು ಗಮಕ ಅಲ್ಲೋ. ಕೈ ನಡಗತದ. ಯಾರಿಗೂ ತಿಳಿದಿಲ್ಲಂತ ಮಾಡಿದ್ದೆ."

ಗುರು ಕೆಮ್ಮಿದರೆ ಕೆಮ್ಮನ್ನೂ ಕಲಿಯುವುದು ನಮ್ಮ ವಿದ್ಯೆ. ಅವರ ಕೈಯ ರೋಗವನ್ನು ನಾವು ಐದು ಮಂದಿ ದಿನಾ ಮುಂಜಾನೆ ಎದ್ದು, ತಾಸುಗಟ್ಟಲೆ ತಿದ್ದಿ ತೀಡಿ, ಗಟ್ಟಿ ಮಾಡಿಕೊಂಡಿದ್ದೆವು.

ಮಠದಲ್ಲಿ ಅಲ್ಲಿಯದೇ ತಂಬೂರಿ ಹಿಡಿದು ಅವರ ಹಿಂದೆ ಕೂತೆ; ತಬಲಾಕ್ಕೆ ಊರಿನವನೇ ಒಬ್ಬನಿದ್ದ. ಮಾಸ್ತರು ಕಮಾನನ್ನು ತುದಿತನಕ ಒಯ್ಯಲೇ ಇಲ್ಲ. ಮುಕ್ಕಾಲಿಗೆ ಬಂದೊಡನೆ ಹಿಂದಕ್ಕೆ ಹೊಳ್ಳಿಸಿಬಿಡುತ್ತಿದ್ದರು. ಪ್ರತಿ ಸಲವೂ ಈಗ ನಡುಗಿತು, ಈಗ ನಡುಗಿತು ಎಂದು ತಂಬೂರಿಯನ್ನು ಇನ್ನಷ್ಟು ಜೋರಾಗಿ ಮೀಟುತ್ತಿದ್ದೆ. ಒಂದೂಕಾಲು ತಾಸು ಹೀಗೇ ಹೋಯಿತು. ನಡುಗಲಿಲ್ಲ. ಮಂದಿ ವಾಹ್ ವಾಹ್ ಅಂದರು, ಗೌಡರು ಶಾಲು ಹೊದಿಸಿದರು.

ಆರರ ಬಸ್ಸಿಗೆ ಹೊಳ್ಳಿ ಹೊರಟೆವು. ಊರು ದಾಟಿದ ಮೇಲೆ ಮಾಸ್ತರು, "ಇವತ್ತ ನಾ ನುಡಿಸಿದ್ದನ್ನ ಮಾಡಿ ತೋರ್ಸು," ಎಂದರು.

ತುಂಬು 'ಸಾ' ಒಂದನ್ನು ಎಳೆದೆ, ಕೊನೆತನಕ, ನೂಲಿನ ಹಾಗೆ.

"ಅದು ಕ್ಯಾಸೆಟ್ಟಿಂದು. ಇವತ್ತಿಂದು ಮಾಡು."

ಜೀವಮಾನದಲ್ಲಿ ಮೊದಲ ಸಲ ನಕಲಿ ಮಾಡಲು ನಾಚಿಕೆಯಾಯಿತು. ಆದರೂ ಮಾಡಿದೆ. ಮುಕ್ಕಾಲಿಗೇ ಅಂಜಿ ನಿಲ್ಲುವ 'ಸಾ', ಗಡಬಡಿಸಿ ಹೊಳ್ಳುವ 'ಸಾ', ಮತ್ತೆ ಅದೇ.

ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿದ. "ಈ ಹುಡುಗಗ ಉಬ್ಬಸ ಐತೇನ್ರಿ?"

"ಇಲ್ರಿ, ಅದು ನಂದು," ಎಂದರು ಮಾಸ್ತರು.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ, "ಮುಂಬೈಗೆ ಬರೂದಿಲ್ಲಂತ ಬರಿ. ನೆಗಡಿ ಗಿಗಡಿ ಬ್ಯಾಡ," ಎಂದರು.

"ಮತ್ತೇನ ಬರೀಲ್ರಿ?"

"ಕೈ ನಡಗತದಂತ ಬರಿ. ನಾಳಿ ಆರಕ್ಕ ಐದೂ ಮಂದಿ ಬರ್ರಿ. ನಿಮಗ ಕಲಿಸಿದ್ದನ್ನ ಬಿಡಿಸಬೇಕು."

"ನಡುಕ ಹೋಗಲಿಲ್ಲಂದ್ರ?"

"ನಿಮ್ದು ಹೋಗತದಲೇ," ಅಂದು ಟಾಂಗಾಕ್ಕೆ ಕೈ ಮಾಡಿದರು.