ಮೇಜಿನ ಮೇಲಿನ ಸಬ್ಬಸಗಿ

"ಆಯಿ, ನೆಲದ ಮ್ಯಾಲ ಕುಂದರೂದು ಬಿಡ್ರಿ. ಖುರ್ಚಿ ಮ್ಯಾಲ ಕುಂತು ಮಾರ್ರಿ," ಎಂದರು ಎಲುಬಿನ ಡಾಕ್ಟರು, ನನ್ನ ಮೊಣಕಾಲಿನ ಎಕ್ಸ್‌ರೇ ನೋಡುತ್ತ.

ನಾನು ಹಳಿಯಾಳದ ಸಂತೆಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವವಳು. ಸಿಟ್ಟು ಬಂತು. "ಖುರ್ಚಿ ಮ್ಯಾಲ ಕುಂತು ತಹಶೀಲ್ದಾರಕಿ ಮಾಡ್ತಾರ್ರೀ ಡಾಕ್ಟ್ರ, ಸಬ್ಬಸಗಿ ಮಾರೂದಿಲ್ಲ. ಗಿರಾಕಿ ಹೊಳ್ಳಿ ನೋಡಂಗಿಲ್ಲ," ಎಂದೆ. ಅವರು ನಕ್ಕು ಗುಳಿಗೆ ಬರೆದುಕೊಟ್ಟರು.

ಆದರೆ ನೆಲಕ್ಕೆ ಕೂತರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಮುಂದಿನ ಸಂತೆಗೆ ಸೊಸೆ ಹಟ ಹಿಡಿದು ಖುರ್ಚಿ, ಮೇಜು ಎರಡನ್ನೂ ತಂದಿಟ್ಟಳು. ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಹಸೀನಾ ಬಿಡುತ್ತಾಳೆಯೇ? "ಮೇಡಮ್ಮಾರ, ಅರ್ಜಿ ನಿಮ್ಮ ಕಡೇನ ಕೊಡೂದೇನ್ರೀ?" ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದಳು. ನಾನು ನಾಚಿಕೆಯಿಂದ ಸೊಪ್ಪಿನ ಕಟ್ಟುಗಳನ್ನು ಮತ್ತೆ ಮತ್ತೆ ಜೋಡಿಸತೊಡಗಿದೆ.

ಅಷ್ಟರಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ಸಾಲಿನವರನ್ನೆಲ್ಲ ದಾಟಿ ನೇರ ನನ್ನ ಮೇಜಿಗೆ ಬಂದಳು. "ಪುಣ್ಯಾ ಕಟ್ಕೊಂಡಿ ಯವ್ವಾ. ಬಗ್ಗಾಕ ಬರಂಗಿಲ್ಲಂತ ಸಂತೀನ ಬಿಟ್ಟಿದ್ದೆ," ಎಂದಳು. ಅವಳ ಹಿಂದೆ ಕೋಲು ಊರಿಕೊಂಡು ಒಬ್ಬರು, ಮೊಮ್ಮಗನ ಹೆಗಲು ಹಿಡಿದುಕೊಂಡು ಇನ್ನೊಬ್ಬರು ಬಂದರು. ಊರಿನ ನೋವೆಲ್ಲ ನನ್ನ ಮುಂದೆಯೇ ನಿಂತಿತು. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ನನ್ನ ಮೊಣಕಾಲು ಇನ್ನೂ ನೋಯುತ್ತದೆ. ಹಸೀನಾಳೂ ಈಗ ಮೇಜು ತಂದಿದ್ದಾಳೆ. ಅವಳ ಮೊಣಕಾಲಿಗೆ ಏನೂ ಆಗಿಲ್ಲ.