ನೊರೆಯಣ್ಣನ ಮೂಗು

ಕಾರ್ಖಾನೆಯ ಬೀದಿ ತಿರುಗುವ ಮೂಲೆಯಲ್ಲಿ ಒಂದು ಅಂಗಡಿಯಿದೆ. ಹೊರಗಿನಿಂದ ನೋಡಿದವರು ಪಾತ್ರೆ ಅಂಗಡಿ ಅಂದುಕೊಳ್ಳಬೇಕು. ಒಳಗೆ ಹೋದರೆ ಎಲ್ಲವೂ ಬಿಯರಿಗೆ ಸಂಬಂಧಪಟ್ಟದ್ದೇ. ಓಪನರುಗಳಿಗೇ ಒಂದು ಗೋಡೆ: ಮೀನಿನ ಆಕಾರದ್ದು, ಕೀಲಿಕೈಯಂಥದ್ದು, ಕಿತ್ತ ಮುಚ್ಚಳವನ್ನು ನೆಲಕ್ಕೆ ಬೀಳಲು ಬಿಡದೆ ಅಯಸ್ಕಾಂತದಿಂದ ಹಿಡಿದುಕೊಳ್ಳುವಂಥದ್ದು. ಎಷ್ಟು ಬಾಟಲಿ ತೆರೆದಿರಿ ಎಂದು ತಾನೇ ಎಣಿಸಿ ತೋರಿಸುವುದೂ ಒಂದಿದೆ. ಅದನ್ನು ಹೆಂಡತಿಯರು ಕೊಂಡು ಕೊಡುತ್ತಾರೆ, ಗಂಡಂದಿರು ಕಳೆದುಹಾಕುತ್ತಾರೆ. ಬ್ಯಾಟರಿ ಹಾಕಿದರೆ ಗ್ಲಾಸನ್ನು ಸಣ್ಣಗೆ ನಡುಗಿಸಿ, ಸಪ್ಪೆಯಾದ ಬಿಯರಿಗೂ ನೊರೆ ಬರಿಸುವ ಪುಟ್ಟ ತಟ್ಟೆಯೂ ಇದೆ.

ಇವನ್ನೆಲ್ಲ ಮಾರುವವನು ನೊರೆಯಣ್ಣ. ಹೆತ್ತವರು ಇಟ್ಟ ಹೆಸರು ಬೇರೆ, ಅದು ಅವನ ಹೆಂಡತಿಗೂ ಯೋಚಿಸಿದ ಮೇಲೇ ನೆನಪಾಗುವುದು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಖಾಲಿ ಬಾಟಲಿ ತೊಳೆಯುವ ಶೆಡ್ಡಿಗೆ ಸೇರಿದ್ದ. ಅಲ್ಲಿ ರಾಶಿ ರಾಶಿ ಬಾಟಲಿಗಳ ತಳದಲ್ಲಿ ಉಳಿದ ವಾಸನೆ ಹಿಡಿದೇ ಇದು ಇಂಥದ್ದು, ಅದು ಅಂಥದ್ದು ಎಂದು ಬೇರೆ ಮಾಡಲು ಕಲಿತ. ಯಾರೂ ಕಲಿಸಲಿಲ್ಲ. ಹೊತ್ತು ಹೋಗದವನಿಗೆ ಅದೇ ಆಟ. ಅವನ ಮೂಗಿನ ಸುದ್ದಿ ಕೇಳಿ ಈ ಅಂಗಡಿಯ ಒಡತಿ, ಎಲ್ಲರೂ ದೊಡ್ಡಮ್ಮ ಎನ್ನುವ ಆ ಗಟ್ಟಿ ಹೆಂಗಸು, ಅವನನ್ನು ಕರೆದುಕೊಂಡು ಬಂದಳು.

ಇಲ್ಲಿ ಏನು ಕೊಂಡರೂ ಜೊತೆಗೆ ಒಂದು ಸಂಗತಿ ಪುಕ್ಕಟೆ. ಬಿಯರಿಗೆ ಕಹಿ ಕೊಡುವ ಹೂವು ಗಾಂಜಾ ಗಿಡಕ್ಕೆ ದಾಯಾದಿ. ತುಟಿಯ ಬಣ್ಣ ತಗುಲಿದರೆ ನೊರೆ ಸಾಯುತ್ತದೆ. ಒದ್ದೆ ಗ್ಲಾಸಿನೊಳಗೆ ಉಪ್ಪು ಉದುರಿಸಿ ನೋಡಿ, ಅಂಟದ ಕಡೆ ಜಿಡ್ಡು ಉಳಿದಿದೆ ಎಂದರ್ಥ.

“ಈ ಮುಚ್ಚಳಕ್ಕೆ ಇಪ್ಪತ್ತೊಂದು ಹಲ್ಲು. ನಿಮಗೆಷ್ಟು ಉಳಿದಿವೆ ತಾತಾ?” ಎಂದು ಅವನು ಕೇಳಿದರೆ, ನಿವೃತ್ತ ಪೋಸ್ಟ್‌ಮ್ಯಾನ್ ತಾತ “ನಿನ್ನ ಕಿವಿ ಕಚ್ಚೋಕೆ ಬೇಕಾದಷ್ಟಿವೆ ಬಾರಯ್ಯಾ” ಅನ್ನುತ್ತಿದ್ದ.

ಆದರೆ ಜನ ಬರುತ್ತಿದ್ದದ್ದು ಶನಿವಾರದ ಆಟಕ್ಕೆ. ಸಂಜೆ ಅಂಗಡಿಯೊಳಗೆ ಹಿಂದಿನ ಕಟ್ಟೆಯ ಹತ್ತಿರ ನೊರೆಯಣ್ಣ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂರುತ್ತಿದ್ದ. ಗಿರಾಕಿಗಳು ಅಂಗಡಿಯ ಬಿಯರ್ ಕಪಾಟಿನಿಂದ ತಮಗೆ ಬೇಕಾದ ಮೂರು ಬಾಟಲಿಯೋ ಡಬ್ಬಿಯೋ ಆರಿಸುವರು, ದೊಡ್ಡಮ್ಮ ಗ್ಲಾಸಿಗೆ ಸುರಿಯುವಳು, ಇವನು ಮೂಸಿ ಯಾವ ಬಗೆಯದೆಂದು ಹೇಳಬೇಕು. ತಪ್ಪಿದರೆ ಬಾಟಲಿ ಆರಿಸಿದವರಿಗೆ ಒಂದು ಓಪನರ್ ಉಚಿತ. ಒಂದೂ ಹೋಗಿರಲಿಲ್ಲ.

ಮಗಳು ಹುಟ್ಟಿ ಇನ್ನೂ ಕತ್ತು ನಿಲ್ಲುವ ಮೊದಲೇ ಅವನಿಗೆ ಜ್ವರ ಬಂತು. ಜ್ವರ ಹೋಗುವಾಗ ಮೂಗನ್ನೂ ಹೊತ್ತುಕೊಂಡು ಹೋಯಿತು. ಶೀತವಿಲ್ಲ, ಕಟ್ಟಿಲ್ಲ, ಉಸಿರು ಸರಾಗ. ವಾಸನೆ ಮಾತ್ರ ಇಲ್ಲ. ಡಾಕ್ಟರು “ಬಂದರೆ ತಾನಾಗೇ ಬರುತ್ತೆ” ಅಂದರು. ಬಾರದಿದ್ದರೆ ಎಂದು ಅವನು ಕೇಳಲಿಲ್ಲ. ಕೇಳುವಷ್ಟು ದುಃಖವೂ ಆಗಿರಲಿಲ್ಲ. ಊಟ ಅಂದರೆ ಬಿಸಿ ಅಥವಾ ತಣ್ಣಗೆ, ಮೆತ್ತಗೆ ಅಥವಾ ಗಟ್ಟಿ. ಲೋಕವೆಲ್ಲ ಗಾಜಿನ ಆಚೆ ಇಟ್ಟಂತೆ. ಮಗುವಿನ ನೆತ್ತಿಗೆ ಮೂಗಿಟ್ಟು ಎಲ್ಲರೂ “ಆಹಾ” ಅಂದಾಗ ಅವನೂ ಮೂಗಿಟ್ಟು “ಆಹಾ” ಅಂದ.

ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ನೊರೆಯಣ್ಣನನ್ನು ದೊಡ್ಡಮ್ಮ ಯಾಕೆ ಇಟ್ಟುಕೊಳ್ಳಬೇಕು? ಬೇರೆ ಯಾವ ಕೆಲಸವೂ ಅವನಿಗೆ ಗೊತ್ತಿಲ್ಲ. ಹೆಂಡತಿಗೆ ಹೇಳಿದರೆ ಅವಳು ಸುಮ್ಮನೆ ಕೂರುವವಳಲ್ಲ, ಬೆಳಗಾಗುವುದರೊಳಗೆ ಹತ್ತು ಮದ್ದು ಹುಡುಕಿಯಾಳು. ಅದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

ಶನಿವಾರಗಳನ್ನು ಕಿವಿಯಿಂದ ದಾಟಿಸಿದ. ಗ್ಲಾಸನ್ನು ಮೂಗಿಗೆ ಒಯ್ಯುವ ಹಾಗೆ ಮಾಡಿ ಕೆನ್ನೆಯ ಪಕ್ಕ ಒಂದು ಗಳಿಗೆ ನಿಲ್ಲಿಸುವುದು. ತೆಳು ಬಿಯರಿನ ನೊರೆ ಚುರುಚುರು ಎಂದು ಬೇಗ ಒಡೆಯುತ್ತದೆ. ಗೋಧಿಯದು ದಪ್ಪ, ನಿಧಾನ. ನೊರೆ ನುಣುಪಾಗಲೆಂದು ಡಬ್ಬಿಯೊಳಗೆ ಪ್ಲಾಸ್ಟಿಕ್ ಗುಂಡು ಹಾಕಿ ತುಂಬಿದ ಕಪ್ಪು ಬಿಯರಿನದು ಹೆಚ್ಚುಕಡಿಮೆ ಮೂಕ. ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. ಅವನಿಗೆ ಖುಷಿಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಮನೆಯಲ್ಲಿ ಮಾತ್ರ ಬೇರೆ ರಂಪ.

“ರೀ, ಮಗು ಯಾವಾಗಿಂದ ಹೀಗೇ ಬಿದ್ದಿದೆ? ಪಕ್ಕದಲ್ಲೇ ಕೂತಿದೀರಲ್ಲಾ, ಗೊತ್ತಾಗಲಿಲ್ವಾ?”

“ಇಲ್ಲ ಕಣೇ.”

“ಬೀದಿಯವರಿಗೆಲ್ಲ ಗೊತ್ತಾಗಿದೆ, ನಿಮಗೆ ಗೊತ್ತಾಗಿಲ್ಲ! ಮುಚ್ಚಿದ ಬಾಟಲಿಯೊಳಗೆ ಏನಿದೆ ಅಂತ ಹೇಳೋ ಮೂಗು, ಮಗಳು ಕಕ್ಕ ಮಾಡಿದ್ರೆ ಮಾತ್ರ ರಜಾ ಹಾಕುತ್ತೆ. ನಿದ್ದೆ ಬಂದವರನ್ನ ಎಬ್ಬಿಸಬಹುದು, ನಿದ್ದೆ ಬಂದ ಹಾಗೆ ನಟಿಸೋರನ್ನ ಎಬ್ಬಿಸೋದು ಹ್ಯಾಗೆ?”

ಅವನು ಎದ್ದು ಮಗುವಿನ ಬಟ್ಟೆ ಬದಲಾಯಿಸುತ್ತಿದ್ದ. ಬೈಗುಳ ಮೈಮೇಲೆ ನೀರು ಜಾರಿದ ಹಾಗೆ ಜಾರುತ್ತಿತ್ತು. ಅವಳು ಮಾತ್ರ ರಾತ್ರಿಯ ನಿದ್ದೆಗೇಡು, ಹಗಲಿನ ತೊಳೆಬಳೆ ಎಲ್ಲ ಸೇರಿ, ಗಂಡ ಕೆಲಸಗಳ್ಳ ಎಂದೇ ತೀರ್ಮಾನ ಮಾಡಿಕೊಂಡಳು.

ಗುಟ್ಟು ಒಡೆದದ್ದು ಒಂದು ಹಸಿರು ಬಾಟಲಿಯಿಂದ. ಅದನ್ನು ಅಲಂಕಾರಕ್ಕೆಂದು ಕಿಟಕಿಯಲ್ಲಿ ಇಟ್ಟಿದ್ದರು. ಬಿಸಿಲು ಬಿದ್ದರೆ ಬಿಯರ್ ಕೆಟ್ಟು ನಾರುತ್ತದೆ, ಅದಕ್ಕೇ ಕಂದು ಬಾಟಲಿ ಕಂಡುಹಿಡಿದರು ಎಂದು ಅವನೇ ನೂರು ಜನಕ್ಕೆ ಹೇಳಿದ್ದ. ಕಿಟಕಿಯ ಬಾಟಲಿಗಳನ್ನು ಆಗಾಗ ತೆಗೆದು ಚೆಲ್ಲುವುದೂ ಅವನದೇ ಕೆಲಸ. ಜ್ವರ ಬಿಟ್ಟ ಮೇಲೆ ಅದರ ಕಡೆ ಕೈ ಹೋಗಿರಲಿಲ್ಲ. ಆ ಶನಿವಾರ ಪೋಸ್ಟ್‌ಮ್ಯಾನ್ ತಾತ ಬೇಕೆಂದೇ ಅದನ್ನು ಎತ್ತಿಕೊಟ್ಟ.

ದೊಡ್ಡಮ್ಮ ಸುರಿದಳು. ನೊರೆಯಣ್ಣ ಗ್ಲಾಸನ್ನು ಕೆನ್ನೆಗೆ ತಂದ. ಬಿಸಿಲು ನೊರೆಯ ಸದ್ದನ್ನು ಕೆಡಿಸುವುದಿಲ್ಲ.

“ತೆಳು ಬಿಯರ್, ಕಿಟಕಿ ಪಕ್ಕದ ಕಪಾಟಿನದು,” ಅಂದ. ತಾತನ ಹೆಜ್ಜೆ ಆ ಕಡೆ ಹೋದದ್ದು ಕೇಳಿಸಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹಳೆ ಅಭ್ಯಾಸ, ಬಾಲ ಸೇರಿಸಿದ. “ಹೊಸಾ ಮಾಲು. ಹೂವಿನ ಘಮ ನೋಡಿ, ಮೂಗಿಗೆ ಹಬ್ಬ.”

ಕಟ್ಟೆಯ ಸುತ್ತ ನಿಂತವರೆಲ್ಲ ಮೂಗು ಮುಚ್ಚಿಕೊಂಡಿದ್ದರು. ಆಮೇಲೆ ಒಬ್ಬ ನಕ್ಕ, ಎಲ್ಲರೂ ನಕ್ಕರು. “ಭಲೇ ತಮಾಷೆ ಮಾಡ್ತೀಯ ನೊರೆಯಣ್ಣಾ!” ಟವೆಲ್ ಬಿಚ್ಚಿದಾಗ ನಗದೆ ನಿಂತಿದ್ದವಳು ದೊಡ್ಡಮ್ಮ ಒಬ್ಬಳೇ. ಹಸಿರು ಬಾಟಲಿ ಅವಳ ಕೈಯಲ್ಲಿತ್ತು.

“ನಾಳೆ ಬೆಳಿಗ್ಗೆ ಬಾ,” ಅಂದಳು. “ಮಾತಾಡೋದಿದೆ.”

ಮನೆಗೆ ಬಂದು ಅವನು ಹೆಂಡತಿಗೆ ಹೇಳಿದ. ಬಟ್ಟೆ ಮಡಿಸುತ್ತಿದ್ದ ಅವಳ ಕೈ ನಿಂತಿತು.

“ಜ್ವರ ಬಂದಾಗಿಂದ?”

“ಹೂಂ.”

“ಏನೂ ಇಲ್ವಾ? ಒಂಚೂರೂ?”

“ಏನೂ ಇಲ್ಲ.”

ಅವಳು ಒಂದು ಲಂಗೋಟಿ ಮಡಿಸಿದಳು, ಮತ್ತೆ ಬಿಚ್ಚಿದಳು. “ಅಂದ್ರೆ ನೀವು ಕಳ್ಳಾಟ ಆಡ್ತಿರ್ಲಿಲ್ಲ.”

“ಇಲ್ಲ.”

“ನಾನು ನಮ್ಮಮ್ಮನ ಹತ್ರ ಎಲ್ಲ ಹೇಳ್ಬಿಟ್ಟೆನಲ್ಲ!” ಎಂದು ನಗಲು ಹೋಗಿ ಅತ್ತಳು. ಅತ್ತದ್ದು ಸ್ವಲ್ಪವೇ. ಬೇಗ ಕಣ್ಣೊರೆಸಿಕೊಂಡು, “ಒಲೆ ಮೇಲೆ ಇಟ್ಟದ್ದು ಸೀದ್ರೂ ಗೊತ್ತಾಗಲ್ಲ ನಿಮಗೆ. ಇನ್ನು ಮೇಲೆ ಒಬ್ಬರೇ ಇದ್ದಾಗ ಒಲೆ ಹಚ್ಚಬೇಡಿ,” ಅಂದಳು. ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ತಾನೂ ಹೊರಟಳು.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಳು. ಉಳಿದಿದ್ದ ಅರ್ಧ ಬಾಟಲಿಯನ್ನು ಹೆಂಡತಿಯ ಮುಂದೆ ಹಿಡಿದಳು. ಜನ್ಮದಲ್ಲಿ ಬಿಯರ್ ಮುಟ್ಟದ ಅವಳು ಮೂಸಿ, “ಥೂ, ಸುಟ್ಟ ರಬ್ಬರು! ಇದಕ್ಕಾ ಹೂವು ಅಂದಿದ್ದು?” ಅಂದಳು.

“ನೋಡು, ಇಷ್ಟು ಮೂಗು ಎಲ್ಲರಿಗೂ ಇದೆ,” ಅಂದಳು ದೊಡ್ಡಮ್ಮ ಅವನ ಕಡೆ ತಿರುಗಿ. “ಮೂಗು ಹೋಗಿದ್ದಕ್ಕೆ ನಾನು ಬೈಯಲ್ಲ. ಮುಚ್ಚಿಟ್ಟಿದ್ದಕ್ಕೆ ಬೈತೀನಿ. ಜನ ನಿನ್ನ ನಂಬಿ ಬರ್ತಾರೆ. ಶನಿವಾರ ಅವರ ಮುಂದೆ ಹೇಳು. ಆಮೇಲೂ ಬಂದ್ರೆ ನೀನಿರು. ಬರದಿದ್ರೆ ನನ್ನ ಕೈಲಿ ಏನಿದೆ, ಹೇಳು?”

ಶನಿವಾರ ಹೇಳಿದ. ಎರಡೇ ಮಾತು, ತಲೆ ತಗ್ಗಿಸದೆ, ಯಾರದೋ ವಿಷಯ ಹೇಳುವ ಹಾಗೆ. ಯಾರೂ ನಗಲಿಲ್ಲ. ಹಿಂದೆ ನಿಂತವರಲ್ಲಿ ಇಬ್ಬರು ಸದ್ದಿಲ್ಲದೆ ಹೊರಗೆ ಹೋದರು.

ತಾತ ಗಂಟಲು ಸರಿಮಾಡಿಕೊಂಡ. “ಅಂದ್ರೆ ಇಷ್ಟು ದಿನ ಹ್ಯಾಗೆ ಹೇಳ್ತಿದ್ದೆಯಯ್ಯಾ?”

“ಕಿವೀಲಿ ತಾತಾ. ನೊರೆ ಒಡೆಯೋ ಸದ್ದು.”

“ಕಿವೀಲಾ? ಲೋ, ಮೂಗಲ್ಲಿ ನಾಯೀನೂ ಹೇಳುತ್ತೆ! ಕಟ್ಟು ಟವೆಲ್ಲು. ಯಾರೂ ಉಸಿರು ಬಿಡಬೇಡಿ!”

ನಿಜವಾಗಿಯೂ ಯಾರೂ ಉಸಿರು ಬಿಡಲಿಲ್ಲ. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯದಕ್ಕೆ ಬಹಳ ಹೊತ್ತು ಕಿವಿಗೊಟ್ಟು ಹೇಳಿದ್ದು ತಪ್ಪಾಯಿತು. ಹೊರಗೆ ಹೋಗಿದ್ದವರೂ ಗದ್ದಲ ಕೇಳಿ ಒಳಗೆ ಬಂದರು. ತಾತನ ಕುಣಿತ ನೋಡಬೇಕಿತ್ತು. ಗೋಡೆಯ ಮೇಲಿನ ಎಣಿಸುವ ಓಪನರನ್ನೇ ಬೇಕೆಂದು ಕೇಳಿ ಇಳಿಸಿಕೊಂಡ. ಗುಂಪಿನಲ್ಲಿದ್ದವರೆಲ್ಲ ಮುಂದಿನ ವಾರ ತಾವೂ ಒಂದು ಗೆಲ್ಲುತ್ತೇವೆ ಎಂದು ಬಾಟಲಿಗಳನ್ನು ಈಗಲೇ ಆರಿಸತೊಡಗಿದರು.

ದೊಡ್ಡಮ್ಮ ಅವನ ಭುಜದ ಮೇಲಿಂದ ಟವೆಲ್ ತೆಗೆದುಕೊಂಡು ಮಡಿಸಿ ಕಪಾಟಿನಲ್ಲಿಟ್ಟಳು. “ಸೋಮವಾರ ಕಿಟಕಿ ಬಾಟಲಿ ಬದಲಾಯಿಸು,” ಅಂದಳು. ಕೆಲಸ ಉಳಿಯಿತು ಎಂದು ಅವನಿಗೆ ಅರ್ಥವಾಯಿತು. ಸಮಾಧಾನ ಆಗಬೇಕಿತ್ತು. ಯಾವಾಗಲೋ ಆಗಬಹುದು ಅನ್ನಿಸಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಮಗುವನ್ನು ಅವನ ಕೈಗೆ ಕೊಟ್ಟಳು.

“ಕಕ್ಕ ಮಾಡಿದಾಳೆ. ಗೊತ್ತಾಗಲ್ಲ ಅಂತ ಹೇಳ್ತಾ ಇದೀನಿ, ಬೈತಾ ಇಲ್ಲ.”

ಅವನು ಬಟ್ಟೆ ಬದಲಾಯಿಸಿ, ಒರೆಸಿ, ಪೌಡರ್ ಹಾಕಿ, ಮಗಳನ್ನು ಎದೆಗೊರಗಿಸಿಕೊಂಡ. ಈಗ ಅವಳ ಕತ್ತು ನಿಲ್ಲುತ್ತಿತ್ತು. ನೆತ್ತಿಗೆ ಮೂಗಿಟ್ಟ.

“ಬಂತಾ?” ಅಂದಳು ಹೆಂಡತಿ.

“ಇಲ್ಲ.”

“ನಾನು ಹೇಳ್ಲಾ ಹ್ಯಾಗಿರುತ್ತೆ ಅಂತ? ಹಾಲು, ಆಮೇಲೆ ಬಿಸಿಲಲ್ಲಿ ಒಣಗಿದ ಬಟ್ಟೆ, ಆಮೇಲೆ... ಗೊತ್ತಿಲ್ಲ ರೀ, ನಿಮ್ಮ ಹಾಗೆ ಹೇಳೋಕೆ ನನಗೆ ಬರಲ್ಲ.”

“ಹೇಳು, ಪರವಾಗಿಲ್ಲ.”

ಅವಳು ಹೇಳುತ್ತಾ ಹೋದಳು. ಅವನು ಮೂಗನ್ನು ಅಲ್ಲೇ ಇಟ್ಟು ಕಿವಿಗೊಟ್ಟ. ನೆತ್ತಿ ಬೆಚ್ಚಗಿತ್ತು.