ಅಕ್ಕೋರಿಗೆ ಇಲ್ಲದ ಮೊಣಕಾಲು ನೋವು

ಕಾಲುವೆಗೆ ನೀರು ಬಂದ ಮೇಲೆ ಕಕ್ಕೇರಾ ಸುತ್ತಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹೆಣ್ಣುಮಗಳು ಶಾಲೆಯ ಮುಖ್ಯಸ್ಥೆಯಾಗಬಾರದೆಂಬ ಗಂಡಸರ ಬುದ್ಧಿ ಮಾತ್ರ ಒಣಬೇಸಾಯದಲ್ಲೇ ಉಳಿಯಿತು.

ಅಲ್ಲಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಗೊಲ್ಲಾಳಮ್ಮನಿಗೆ ಇದರ ಅನುಭವ ಸಾಕಷ್ಟಿತ್ತು. ಮುಖ್ಯ ಗುರುಗಳು ವರ್ಗವಾದರೆ ಸೇವೆಯಲ್ಲಿ ಹಿರಿಯರಾದವರಿಗೆ ಚಾರ್ಜು ಸಲ್ಲಬೇಕೆಂಬುದು ನಿಯಮ. ಆ ಹಿರಿಯರು ಹೆಣ್ಣಾಗಿದ್ದರೆ ‘ನಾನು ಒಲ್ಲೆ’ ಎಂದು ಆಕೆಯಿಂದಲೇ ಬರೆಸಿಕೊಳ್ಳುವುದು ರೂಢಿ. ಗೊಲ್ಲಾಳಮ್ಮ ಎರಡು ಸಲ ಬರೆದುಕೊಟ್ಟಿದ್ದಳು. ಒಮ್ಮೆ ಕೈಗೂಸಿನ ನೆಪ, ಇನ್ನೊಮ್ಮೆ ಅತ್ತೆಯ ಕಾಯಿಲೆ. ನೆಪ ಹುಡುಕುವ ಶ್ರಮವನ್ನು ಗಂಡಸರೇ ವಹಿಸಿಕೊಂಡಿದ್ದರು. ಅಷ್ಟು ಔದಾರ್ಯ ಅವರಲ್ಲಿತ್ತು.

ಮೂರನೆಯ ಸಲ ಶಾಲಾ ಸಮಿತಿಯ ಅಧ್ಯಕ್ಷ, ಗೊಬ್ಬರದಂಗಡಿಯ ಪಂಪಣ್ಣ, ಆಕೆಗಿಂತ ಕಿರಿಯನಾದ ಭೀಮರಾಯ ಮಾಸ್ತರನನ್ನು ಕರೆದುಕೊಂಡು ಮನೆಗೇ ಬಂದ.

“ಅಕ್ಕೋರ, ಮಣಕಾಲ ಬ್ಯಾನಿ ಅಂತ ಬರದು ಕೊಡ್ರಿ. ಸುರಪುರದ ಆಫೀಸಿಗಿ ಅಡ್ಡಾಡೋದು, ಹೋಟೆಲಿನ್ಯಾಗ ನಾಕು ಮಂದಿ ಜೋಡಿ ಕುಂದ್ರೋದು, ನಿಮಗ್ಯಾಕ್ರಿ ಈ ತ್ರಾಸು?”

“ಬರದುಬಿಡು,” ಎಂದ ಗಂಡ ಅಯ್ಯಣ್ಣ, ಬಂದವರ ಮುಂದೆ ಚಹಾ ಇಡುತ್ತ.

ನಾಟಿಯ ದಿನಗಳಲ್ಲಿ ಕೆಸರಿಗಿಳಿದು, ತಾಯಂದಿರ ಬೈಗುಳ ತಿಂದು, ಹುಡುಗಿಯರನ್ನು ಶಾಲೆಗೆ ಮರಳಿ ಕರೆತರುತ್ತಿದ್ದವಳು ಗೊಲ್ಲಾಳಮ್ಮ. ಆಗ ಆಕೆಯ ಕಾಲುಗಳನ್ನು ವಿಚಾರಿಸಿದವರಿಲ್ಲ. ಈಗಲೂ ಬರೆದುಕೊಟ್ಟರೆ ನಿವೃತ್ತಿಯವರೆಗೆ ತಾನು ಭೀಮರಾಯನ ಕೈಕೆಳಗೇ ಎಂಬುದು ಆಕೆಗೆ ಸ್ಪಷ್ಟವಿತ್ತು.

“ಮಾಸ್ತರ, ನಿಮ್ಮ ಕಾಲು ನೆಟ್ಟಗದಾವಲ್ಲ?”

“ಅದಾವ್ರಿ,” ಎಂದ ಭೀಮರಾಯ.

“ಹಂಗಾರ ಮುಂದಿನ ನಾಟಿಗಿ ಗದ್ದಿಗಿ ನೀವು ಇಳೀರಿ. ಚಾರ್ಜು ನಾ ತಗೋತೀನಿ.”

ಪಂಪಣ್ಣ ನಕ್ಕ. “ಹೋಟೆಲಿಗೂ ಬರ್ತೀರೇನ್ರಿ?”

“ಸಾಲಿ ಹೋಟೆಲಿನ್ಯಾಗ ಇಲ್ರಿ ಅಣ್ಣಾರ. ಮೀಟಿಂಗಿಗಿ ನೀವೇ ಸಾಲಿಗಿ ಬರ್ರಿ. ಚಹಾ ಮನ್ಯಾಗ ಕುಡದು ಬರ್ರಿ.”

ಆಕೆ ಬರೆಯಲಿಲ್ಲ. ನಿಯಮಕ್ಕೆ ಬೇರೆ ದಾರಿಯಿರಲಿಲ್ಲವಾಗಿ ಆದೇಶ ಆಕೆಯ ಹೆಸರಿಗೇ ಬಂತು. ಮರುದಿನ ಮುಖ್ಯ ಗುರುಗಳ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ.

“ಪಂಪಣ್ಣಾರ ಅಂಗಡಿಗಿ ಹೋಗ್ಯಾದ್ರಿ, ರಿಪೇರಿಗಂತ,” ಎಂದ ಜವಾನ ಅಂಬ್ರಪ್ಪ, ನೆಲ ನೋಡುತ್ತ.

ಗೊಬ್ಬರದಂಗಡಿಯಲ್ಲಿ ಕುರ್ಚಿ ರಿಪೇರಿಯಾದ ಕಥೆಯನ್ನು ಆ ಊರಿನವರೂ ಮೊದಲ ಬಾರಿಗೆ ಕೇಳಿದ್ದು. ಅಧಿಕಾರವೆಂದರೆ ಆ ಕಟ್ಟಿಗೆಯೇ ಎಂದು ನಂಬಿದ್ದ ಮಹನೀಯರು ಸಂಜೆಯ ಹೊತ್ತು ಅದರಲ್ಲಿ ಭೀಮರಾಯನನ್ನು ಕೂರಿಸಿ, ತಾವು ಯೂರಿಯಾ ಚೀಲಗಳ ಮೇಲೆ ಕುಳಿತು ಸಮಾಧಾನ ಪಡುತ್ತಿದ್ದರು.

ಗೊಲ್ಲಾಳಮ್ಮ ಏಳನೆಯ ತರಗತಿಯಿಂದ ಒಂದು ಸ್ಟೂಲು ತರಿಸಿಕೊಂಡಳು. ಭೀಮರಾಯ ಮಾಸ್ತರನ ಮೊದಲ ರಜೆ ಅರ್ಜಿ ಆ ಸ್ಟೂಲಿನ ಮೇಲೆಯೇ ತಿರಸ್ಕೃತವಾಯಿತು.